ನಲವತ್ತು ಕುರಿ ಕಡಿಮೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮಿ ಹೇಳುತ್ತಾಳೆ. ಆ ವಾರವಂತೂ ಅದು ಮೂಗಿನಿಂದ ಇಳಿದು ಮನೆ ತುಂಬ ಓಡಾಡಿತು. ಕಾರಣ, ತಾವರೆಕೆರೆಯ ನಲವತ್ತು ಕುರಿ.

ನಾನು ಸಾದಿಯಾ. ಶಿರಾದಲ್ಲಿ ನಮ್ಮ ಅಬ್ಬಾ ಇನಾಯತುಲ್ಲಾ ಅವರ ಸೈಕಲ್ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ನಾನೂ ನನ್ನ ಜೊತೆ ಡಿಪ್ಲೊಮಾ ಓದಿದ ಜಯರಾಮುವೂ ನಾಲ್ಕು ವರ್ಷ ಕೂತು ಒಂದು ಸಾಫ್ಟ್‌ವೇರ್ ಕಟ್ಟಿದ್ದೆವು. ಹೆಸರು 'ಮಂದೆ'. ಹತ್ತು ಮನೆಯ ಕುರಿಗಳು ಒಂದೇ ಮಂದೆಯಾಗಿ ಮೇಯುತ್ತವೆ, ಆದರೆ ಕಿವಿಯ ಗುರುತು ಅವರವರದೇ. ನಮ್ಮದೂ ಹಾಗೆ. ಒಂದು ಸಂಸ್ಥೆ ನಡೆಸಲು ಬೇಕಾದದ್ದೆಲ್ಲ ಬಿಡಿ ಬಿಡಿ ಭಾಗಗಳಾಗಿ ಇರುತ್ತದೆ. ಸದಸ್ಯರದು ಒಂದು, ದಾಸ್ತಾನಿನದು ಒಂದು, ಸಾಗಣೆಯದು ಒಂದು. ಬೇಕಾದದ್ದನ್ನು ಜೋಡಿಸಬಹುದು, ಬೇಡವಾದದ್ದನ್ನು ಕಳಚಿಡಬಹುದು. ಸೈಕಲ್ಲಿಗೆ ಕ್ಯಾರಿಯರ್ ಹಾಕಿದ ಹಾಗೆ ಎಂದರೆ ಅಬ್ಬಾಗೆ ತಕ್ಷಣ ಅರ್ಥವಾಯಿತು. ಅರ್ಥವಾಗದೆ ಉಳಿದದ್ದು ಅದನ್ನು ಬೀಗ ಹಾಕದೆ, ಒಳಗಿನ ಬರವಣಿಗೆಯ ಸಮೇತ ಜಗತ್ತಿಗೆಲ್ಲ ಬಿಟ್ಟುಕೊಡುತ್ತೇವೆ ಎನ್ನುವುದು.

"ನಾಕು ವರ್ಷದ ಮೆಹನತ್ತು ಬೇಟಿ, ಮುಫತ್ತಾಗಿ ಕೊಟ್ಬುಡ್ತೀಯಾ?" ಎಂದರು.

"ನಿಮ್ಮ ಗಾಳಿ ಪಂಪು ಅಂಗಡಿ ಮುಂದೆ ಯಾಕೆ ಇಟ್ಟಿದ್ದೀರಾ ಅಬ್ಬಾ? ಯಾರು ಬೇಕಾದ್ರೂ ಹೊಡ್ಕೊಂಡು ಹೋಗ್ಲಿ ಅಂತ ತಾನೆ?"

ಅವರು ಪಂಪು ಒರೆಸತೊಡಗಿದರು.

ಬಿಡುಗಡೆಯ ದಿನಾಂಕವನ್ನು ಆಗಲೇ ಡಂಗುರ ಸಾರಿಯಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ನನ್ನ ಹಳೆಯ ಚಾಳಿ. ಅದಕ್ಕೆ ಮುಂಚೆ ಒಂದು ನಿಜವಾದ ಜಾಗದಲ್ಲಿ ಮಂದೆ ಓಡಬೇಕಿತ್ತು. ಜಯರಾಮುವಿನ ಊರಾದ ತಾವರೆಕೆರೆ ಕಡೆಯ ಕುರಿ ಸಾಕುವವರ ಸಂಘ ಒಪ್ಪಿತು. ಅಧ್ಯಕ್ಷ ರೇಣುಕಯ್ಯನವರು ಮೂರು ತಿಂಗಳ ಗಡುವು ಕೊಟ್ಟರು. ಸರಿಹೋಗದಿದ್ದರೆ ಮತ್ತೆ ಹಳೆಯ ಲೆಕ್ಕದ ಪುಸ್ತಕವೇ ಗತಿ.

ಸರಿಯಾಗಿ ಆಗಲೇ ಪಾವಗಡದ ಕಡೆ ಹಿರೇಬೇನೆ ಕಾಣಿಸಿತು. ಕುರಿಗೆ ಅದು ಬಂದರೆ ಮಂದೆಗೆ ಮಂದೆಯೇ ಮಲಗುತ್ತದೆ. ಪುಸ್ತಕದ ಕಾಲದಲ್ಲಿ ಡಾಕ್ಟರು ಅಂದಾಜಿನ ಮೇಲೆ ಒಂದೆರಡು ಬಾಟಲು ಲಸಿಕೆ ಹೆಚ್ಚಿಗೆ ತರುತ್ತಿದ್ದರು. ಲಸಿಕೆಯ ಪುಡಿಗೆ ನೀರು ಬೆರೆಸಿದ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಈ ಸಲ ನಾನು ಎದೆ ತಟ್ಟಿ, "ಅಂದಾಜು ಬೇಡ ಸರ್, ನಮ್ಮ ಲೆಕ್ಕ ಚಾಚೂ ತಪ್ಪಲ್ಲ," ಎಂದೆ. ನಲವತ್ತು ಮನೆ, ಎರಡು ಸಾವಿರದ ಮುನ್ನೂರು ಕುರಿ ಎಂದು ಮಂದೆ ತೋರಿಸಿತು. ಡಾಕ್ಟರು ನೂರು ಡೋಸಿನ ಇಪ್ಪತ್ತಮೂರು ಬಾಟಲು ತಂದರು.

ಸಂಜೆ ಹೊತ್ತಿಗೆ ಬಾಟಲುಗಳೆಲ್ಲ ಖಾಲಿಯಾದವು. ಕುರಿ ಖಾಲಿಯಾಗಲಿಲ್ಲ. ಸರದಿಯಲ್ಲಿ ಕೊನೆಗೆ ನಿಂತಿದ್ದವಳು ಕ್ಯಾತಮ್ಮ, ಎಪ್ಪತ್ತು ದಾಟಿದ ಒಂಟಿ ಹೆಂಗಸು, ಎಲ್ಲರಿಗಿಂತ ದೂರದಿಂದ ನಡೆದು ಬಂದವಳು. ಅವಳ ನಲವತ್ತು ಕುರಿ ಸೂಜಿಯಿಲ್ಲದೆ ಉಳಿದವು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಕೋಲು ಎತ್ತಿಕೊಂಡು, ಕುರಿಗಳನ್ನು ತಿರುಗಿಸಿಕೊಂಡು ಹೋದಳು. ಮುಂದಿನ ಲಸಿಕೆ ಬರುವವರೆಗೂ ಅವಳು ಬೇರೆಯವರ ಜೊತೆ ಮೇಯಿಸುವಂತಿಲ್ಲ, ಒಬ್ಬಳೇ ಕಾಯಬೇಕು.

"ಮುಂದ್ಲ ಸೋಮವಾರ ಡಾಕ್ಟ್ರು ಮತ್ತೆ ಬತ್ತಾರೆ. ನಮ್ಮದಾದ್ಮೇಲೆ ಪಕ್ಕದ ಮೂರು ಊರು ಐತೆ. ಅವತ್ತೂ ಇಂಗೇ ಆದ್ರೆ ನಿಮ್ಮ ಕಂಪ್ಯೂಟ್ರು ನೀವೇ ಇಟ್ಕಳಿ ಕಣಮ್ಮ," ಎಂದರು ರೇಣುಕಯ್ಯ.

ನಲವತ್ತು ಮನೆ, ನಲವತ್ತು ಕುರಿ ಕಡಿಮೆ. ಮನೆಗೆ ಒಂದರಂತೆ. ಪ್ರೋಗ್ರಾಂ ಬರೆಯುವ ಯಾರಿಗೆ ಇದನ್ನು ಹೇಳಿದರೂ ನಗುತ್ತಾರೆ. ನಮ್ಮ ಕಸುಬಿನ ಅತಿ ಹಳೆಯ ತಪ್ಪು ಅದು: ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಿ ಕೊನೆಯದನ್ನು ಬಿಟ್ಟುಬಿಡುವುದು. ಎಲ್ಲೋ ಒಂದು ಸಾಲಿನಲ್ಲಿ ಅಡಗಿದೆ ಎಂದುಕೊಂಡು ಬಿಡುಗಡೆಯನ್ನು ಮುಂದೂಡಿದೆ. ನಾಲ್ಕು ದಿನ ಹನ್ನೊಂದು ಸಾವಿರ ಸಾಲುಗಳನ್ನು ಅಕ್ಕಿ ಆರಿಸಿದ ಹಾಗೆ ಆರಿಸಿದೆ. ಅಮ್ಮಿ ತಂದ ಚಹಾ ಆರಿತು, ನಾನು ಆರಲಿಲ್ಲ. ಜಯರಾಮು ಪಕ್ಕದಲ್ಲಿ ಕೂತು, ಯಾಕೋ ಮಾತೇ ಕಡಿಮೆ ಮಾಡಿದ್ದ.

"ಲೋ, ಏನಾದ್ರೂ ಹೇಳೋ!" ಎಂದು ಕೂಗಿದೆ.

"ಕೋಡು ಸರಿಯಾಗೇ ಐತೆ ಅನ್ಸುತ್ತೆ ಸಾದಿಯಾ," ಎಂದ, ಗೋಡೆ ನೋಡುತ್ತಾ.

ಗುರುವಾರ ಬೆಳಿಗ್ಗೆ ಅವನ ಬೈಕಿನ ಹಿಂದೆ ಕೂತು ತಾವರೆಕೆರೆಗೆ ಹೋದೆ. ನಾನೇ ಎಣಿಸುತ್ತೇನೆ, ನೋಡಿಯೇಬಿಡೋಣ ಎಂದು. ಕ್ಯಾತಮ್ಮ ಹಟ್ಟಿಯ ಬಾಗಿಲು ತೆಗೆದು ಕುರಿಗಳನ್ನು ಹೊರಗೆ ಬಿಡುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು, ಬೆರಳು ತೋರಿಸಿ, ಗಟ್ಟಿಯಾಗಿ ಶುರು ಮಾಡಿದೆ. "ಒಂದು, ಎರಡು, ಮೂರು..."

ಕ್ಯಾತಮ್ಮನ ಕೋಲು ನೆಲಕ್ಕೆ ಬಡಿಯಿತು.

"ಏಯ್! ಬಾಯ್ಮುಚ್ಚು ತಾಯಿ! ಕುರೀನ ಯಾರಾದ್ರೂ ಎಣಿಸ್ತಾರಾ?"

ನಾನು ಬೆಚ್ಚಿ ನಿಂತೆ. "ಎಣಿಸದೆ, ಎಲ್ಲ ಬಂದ್ವೋ ಇಲ್ವೋ ಹೆಂಗೆ ಗೊತ್ತಾಗುತ್ತೆ ಅಜ್ಜಿ?"

"ಮುಖ ಗೊತ್ತಾಗಲ್ವಾ? ನಿಮ್ಮವ್ವ ನಿಮ್ಮನ್ನೆಲ್ಲ ಎಣಿಸಿ ಉಣ್ಣಕ್ಕೆ ಕರೀತಾಳಾ?"

"ಮತ್ತೆ ಸಂಘಕ್ಕೆ ಕೊಟ್ಟ ಲೆಕ್ಕ?"

"ಅವ್ರು ಬುಡ್ಲಿಲ್ಲ, ಕೇಳಿದ್ರು. ಅದ್ಕೆ ಹೇಳ್ದೊ. ಒಂದ ದೇವ್ರಿಗೆ ಬುಟ್ಟು ಹೇಳ್ದೊ. ಎಲ್ಲಾನೂ ಬಾಯ್ಬುಟ್ಟು ಹೇಳುದ್ರೆ ದೃಷ್ಟಿ ಆಗಲ್ವಾ? ನಮ್ಮೋರೆಲ್ಲ ಅಂಗೇ ಕಣಮ್ಮ."

ನಾನು ನಿಧಾನವಾಗಿ ಜಯರಾಮುವಿನ ಕಡೆ ತಿರುಗಿದೆ. ಅವನು ತನ್ನ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಮೊದಲ ದಿನ ಪರೀಕ್ಷೆಗೆಂದು ನಾವು ತುಂಬಿದ್ದು ಅವನ ಮನೆಯ ಕುರಿಗಳ ಲೆಕ್ಕವನ್ನೇ.

"ನೀನೂನಾ?"

"ನಮ್ಮಪ್ಪ ಹೇಳ್ದಂಗೆ ಹಾಕ್ದೆ. ಒಂದೇ ತಾನೆ ಅಂದ್ಕೊಂಡೆ. ಎಲ್ಲಾರದೂ ಸೇರಿ ಇಂಗಾಗುತ್ತೆ ಅಂತ... ಆಮೇಲೆ ಹೇಳಕ್ಕೆ ನಾಚ್ಕೆ ಆಯ್ತು. ನೀನು ನಗ್ತೀಯ ಅಂತ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಬಾಯಿಗೆ ಬಂದದ್ದೆಲ್ಲ ಬೈದೆ. ಬೈದು ಮುಗಿದ ಮೇಲೆ ನಗುವೂ ಬಂತು, ಅದರ ಹಿಂದೆಯೇ ಬೇಜಾರೂ ಬಂತು. ನಾಲ್ಕು ವರ್ಷ ಪಕ್ಕದಲ್ಲಿ ಕೂತವನು ಹೀಗೊಂದು ಮಾತನ್ನು ನನಗೆ ಹೇಳಲು ಹೆದರಿದ್ದ. ಅದು ನನ್ನ ತಪ್ಪು ಕೂಡ.

"ಅಜ್ಜಿ, ಹಂಗಾದ್ರೆ ಡಾಕ್ಟ್ರಿಗೆ ಎಷ್ಟು ತರೋಕೆ ಹೇಳ್ಲಿ?" ಎಂದೆ.

"ಸೂಜಿ ಎಷ್ಟು ಬೇಕು ಅಂತ ಕೇಳು, ಹೇಳ್ತೀನಿ. ಕುರಿ ಎಷ್ಟು ಅಂತ ಯಾಕೆ ಕೇಳ್ತೀಯ?"

"ದೇವ್ರ ಕುರಿಗೂ ಸೇರಿಸಿ ಹೇಳ್ತೀರಾ?"

"ಅದಕ್ಕೆ ಕಾಯ್ಲೆ ಬರಲ್ವಾ?" ಎಂದು ಕ್ಯಾತಮ್ಮ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ದೇವ್ರದು ಅಂದ್ಮೇಲೆ ಅದಕ್ಕೇ ಮೊದ್ಲು ಚುಚ್ಚಬೇಕು."

ವಾಪಸು ಬರುವಾಗ ದಾರಿಯುದ್ದಕ್ಕೂ ಒಂದೇ ವಿಷಯ ಕೊರೆಯಿತು. 'ನಿಮ್ಮಲ್ಲಿ ಎಷ್ಟಿವೆ' ಎನ್ನುವ ಪ್ರಶ್ನೆಯನ್ನು ನಾನು ಮಂದೆಯ ತಳಪಾಯದಲ್ಲೇ ಹೂತಿದ್ದೆ. ಉತ್ತರ ತುಂಬದೆ ಮುಂದಿನ ಪುಟವೇ ತೆರೆಯುತ್ತಿರಲಿಲ್ಲ. ಏನನ್ನು ಬೇಕಾದರೂ ಕಳಚಬಹುದು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು, ನನಗೆ ಸಹಜ ಅನ್ನಿಸಿದ್ದನ್ನು ಮಾತ್ರ ಯಾರೂ ಕಳಚದಂತೆ ಬಿಗಿದಿಟ್ಟಿದ್ದೆ. ನಾಚಿಕೆಯಾಯಿತು.

ಶುಕ್ರವಾರ, ಶನಿವಾರ ಇಬ್ಬರೂ ಸೇರಿ ತಳಪಾಯ ಅಗೆದೆವು. ಎಣಿಕೆಯನ್ನು ಕಿತ್ತು ಬೇರೊಂದು ಭಾಗ ಮಾಡಿದೆವು. ಬೇಕಾದವರು ಹಾಕಿಕೊಳ್ಳಲಿ. ಅದರ ಜಾಗದಲ್ಲಿ ಕೂರುವಂಥ ಇನ್ನೊಂದು ಭಾಗವನ್ನು ಜಯರಾಮುವೇ ಬರೆದ. ಅದು ಕುರಿಯ ಸುದ್ದಿಗೇ ಹೋಗುವುದಿಲ್ಲ. ಎಷ್ಟು ಸೂಜಿ ಬೇಕು ಎಂದಷ್ಟೇ ಕೇಳುತ್ತದೆ. ಭಾನುವಾರ ಅವನು ಮನೆ ಮನೆಗೆ ಹೋಗಿ ಕೇಳಿ ಬಂದ. ಪಕ್ಕದ ಮೂರು ಊರುಗಳಲ್ಲೂ ಯಾರೂ ತಡವರಿಸಲಿಲ್ಲವಂತೆ.

ಸೋಮವಾರ ಕ್ಯಾತಮ್ಮನನ್ನು ಮೊದಲು ನಿಲ್ಲಿಸಿದೆವು. ಅವಳು ಕೊಂಬು ಮುರಿದ ಒಂದು ಮುದಿ ಕುರಿಯನ್ನು ಕಿವಿ ಹಿಡಿದು ಎಳೆದು ತಂದು ಡಾಕ್ಟರ ಮುಂದೆ ನಿಲ್ಲಿಸಿದಳು. ಅದೇ ದೇವರದು ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ಮೂರೂ ಊರು ಮುಗಿದವು. ಕೊನೆಯ ಬಾಟಲಿನಲ್ಲಿ ಇನ್ನೂ ಆರು ಡೋಸು ಉಳಿದಿತ್ತು. ರೇಣುಕಯ್ಯ ಆ ಬಾಟಲನ್ನು ಬಿಸಿಲಿಗೆ ಹಿಡಿದು ನೋಡಿ, "ಬುಡಮ್ಮ, ಇಟ್ಕತೀವಿ ನಿನ್ ಕಂಪ್ಯೂಟ್ರ," ಎಂದರು. ನನಗೆ ಅಳು ಬಂದುಬಿಟ್ಟಿತು. ಧೂಳು ಎಂದು ಸುಳ್ಳು ಹೇಳಿದೆ.

ಬುಧವಾರ ಮಂದೆಯನ್ನು ಜಗತ್ತಿಗೆ ಬಿಟ್ಟೆವು. ಕಟ್ಟಿದವರ ಹೆಸರು ಬರೆಯುವ ಪುಟದಲ್ಲಿ ನನ್ನದು, ಜಯರಾಮುವಿನದು, ಅದರ ಕೆಳಗೆ 'ಕ್ಯಾತಮ್ಮ, ತಾವರೆಕೆರೆ' ಎಂದು ಹಾಕಿದೆವು.

ಎರಡು ವಾರ ಯಾರೂ ಉಸಿರೆತ್ತಲಿಲ್ಲ. ಅಬ್ಬಾ ದಿನಾ ಸಂಜೆ, "ಯಾರಾದ್ರೂ ಬಂದ್ರಾ?" ಎಂದು ಕೇಳುವುದು, ನಾನು ಸಿಡುಕುವುದು. ಹದಿನೈದನೆಯ ದಿನ ಪಾವಗಡದಿಂದ ನರಸಿಂಹರಾಜು ಎನ್ನುವವರು ಬರೆದಿದ್ದರು. ಅವರು ಅಲ್ಲಿಯ ಶೇಂಗಾ ಬೆಳೆಗಾರರ ಗುಂಪಿನಲ್ಲಿ ಕೆಲಸ ಮಾಡುವವರಂತೆ. ನಮ್ಮ ಸೂಜಿಯ ಭಾಗವನ್ನು ಬಿಚ್ಚಿ, ಬಿತ್ತನೆ ಬೀಜಕ್ಕೆ ಹೊಂದಿಸಿ, ತೆಲುಗನ್ನೂ ಸೇರಿಸಿ ವಾಪಸು ಕಳಿಸಿದ್ದರು. 'ನಿಮ್ಮದಕ್ಕೆ ಕೈ ಹಾಕಿದೆ, ಕೋಪ ಮಾಡ್ಕೋಬೇಡಿ ಮೇಡಂ' ಎಂದಿತ್ತು. ಕೊನೆಯಲ್ಲಿ ಒಂದು ಪ್ರಶ್ನೆ: 'ಹೆಸರುಗಳ ಪುಟದಲ್ಲಿ ಮೂರನೆಯವರು ಯಾವ ಭಾಗ ಬರೆದಿದ್ದಾರೆ? ಎಷ್ಟು ಹುಡುಕಿದರೂ ಸಿಗಲಿಲ್ಲ.'

'ಅವರು ಬರೆಯಲಿಲ್ಲ ಸರ್,' ಎಂದು ಉತ್ತರಿಸಿದೆ. 'ಏನು ಕೇಳಬೇಕು ಅಂತ ನಮಗೆ ಹೇಳಿಕೊಟ್ಟರು.'

ಆಮೇಲೆ ನರಸಿಂಹರಾಜು ಅವರು ಕಳಿಸಿದ್ದನ್ನು ಒಪ್ಪಿಕೊಂಡು, ಕ್ಯಾತಮ್ಮನ ಕೆಳಗೆ ನಾಲ್ಕನೆಯ ಹೆಸರು ಬರೆದೆ.