ಗೇಟಿನ ಕಂಬಕ್ಕೆ ಭಂಡಾರ

ಮಳೆ ಹಿಂದೆ ಸರಿದು ಗೋವಾದ ಫೋಂಡಾದ ಸುತ್ತಲ ಗದ್ದೆಗಳು ಹಳದಿಗೆ ತಿರುಗಿದ್ದವು. ಗುರುವಾರ ಹೊಸ ಕಟ್ಟಡದ ಮೂರನೆಯ ಮಹಡಿಗೆ ಸ್ಲ್ಯಾಬ್ ಹಾಕುತ್ತಿದ್ದರು. ಸ್ಲ್ಯಾಬಿನ ದಿನ ಯಾರೂ ನಡುವೆ ನಿಲ್ಲುವಂತಿಲ್ಲ. ಕಾಂಕ್ರೀಟಿನ ಬುಟ್ಟಿ ಕೈಯಿಂದ ಕೈಗೆ ಹೋಗುತ್ತಲೇ ಇರಬೇಕು. ಸಾಲಿನಲ್ಲಿ ನಿಂತಿದ್ದ ಯಲ್ಲವ್ವನನ್ನು ಮಶೀನು ನೋಡಿಕೊಳ್ಳುವ ಮೈಬೂಬಸಾಬ ಕೆಳಗಿನಿಂದ ಕೂಗಿದ.

"ಯಲ್ಲವ್ವಕ್ಕಾ, ಮೊಬೈಲಿನ್ಯಾಗ ಬಂದೀಯಲ್ಲ! ಗ್ಯಾಂಗಿಗೆ ಲೀಡರ್ ಆಗೀ ನೋಡು!"

ಎಲ್ಲರೂ ನಕ್ಕರು. ಫೋನು ಇಸಿದುಕೊಂಡು ನೋಡಿದ ಗಂಡ ಮಲಕಪ್ಪ ಮಾತ್ರ ನಗಲಿಲ್ಲ.

ಅದು ಯಾವುದೋ ಸುದ್ದಿ ಚಾನೆಲ್ಲಿನ ವಿಡಿಯೋ. ಮಂಗಳವಾರದ ನಸುಕಿನಲ್ಲಿ ಹೆಂಗಸೊಬ್ಬಳು ಬಂಗಲೆಯ ಗೇಟಿನೆದುರು ಸುಮ್ಮನೆ ನಿಲ್ಲುತ್ತಾಳೆ, ಒಳಗೆ ಇಣುಕುತ್ತಾಳೆ, ಕಂಬಕ್ಕೆ ಏನೋ ಹಳದಿ ಬಳಿದು ಮುಂದಿನ ಗೇಟಿಗೆ ಹೋಗುತ್ತಾಳೆ. ಮೇಲೆ ಕೆಂಪು ಅಕ್ಷರಗಳು: 'ಸ್ಕೂಟರ್ ಕಳವು. ಘಾಂಟಿ ಗ್ಯಾಂಗಿನ ಗುರುತೇ?' ಘಟ್ಟದಾಚೆಯಿಂದ ದುಡಿಯಲು ಬಂದವರನ್ನು ಘಾಂಟಿ ಎಂದು ಹಂಗಿಸುವುದು ಅವರಿಗೆ ಹೊಸದಲ್ಲ. ಕಳ್ಳರೆಂದು ಮುಖ ತೋರಿಸಿದ್ದು ಹೊಸದು.

ಯಲ್ಲವ್ವ ಹೋಗಿದ್ದು ಜೋಗ ಬೇಡಲು. ಮಗಳು ಅಶ್ವಿನಿ ಡೆಂಗ್ಯೂ ಜ್ವರದಿಂದ ಎದ್ದರೆ ಐದು ಮನೆ ಬೇಡುತ್ತೇನೆಂದು ಯಲ್ಲಮ್ಮನಿಗೆ ಹರಕೆ ಹೊತ್ತಿದ್ದಳು. ಊರಿನಲ್ಲಾದರೆ 'ಉಧೋ' ಎಂದು ಕೂಗಿ, ಬೇಡಿದ ಮನೆಯ ಹೊಸ್ತಿಲಿಗೆ ಭಂಡಾರ ಹಚ್ಚಿ ಬರುತ್ತಿದ್ದಳು. ಇಲ್ಲಿ ಕೂಗಿದರೆ ನಾಯಿಗಳು ಮೇಲೆ ಬರುತ್ತವೆ, ಹೊಸ್ತಿಲು ಬೀಗ ಹಾಕಿದ ಗೇಟಿನೊಳಗಿರುತ್ತದೆ. ಹಾಗಾಗಿ ಸುಮ್ಮನೆ ನಿಂತಿದ್ದಳು, ಅರಿಶಿನದ ಪುಡಿಯನ್ನು ಗೇಟಿನ ಕಂಬಕ್ಕೇ ಹಚ್ಚಿದ್ದಳು.

ಮಧ್ಯಾಹ್ನದೊಳಗೆ ಪೊಲೀಸರು ಬಂದು ಗಂಡಹೆಂಡತಿ ಇಬ್ಬರನ್ನೂ ಕರೆದೊಯ್ದರು. ಹೊರಡುವಾಗ ಕಂತ್ರಾಟುದಾರ ಒಂದೇ ಮಾತು ಹೇಳಿದ: ಕೇಸಿನಲ್ಲಿ ಹೆಸರು ಬಂದರೆ ನಾಳೆಯಿಂದ ಕೆಲಸವೂ ಇಲ್ಲ, ಶೆಡ್ಡಿನಲ್ಲಿ ಜಾಗವೂ ಇಲ್ಲ.

ಠಾಣೆಯಲ್ಲಿ ಹವಾಲ್ದಾರ ಹಿಂದಿಯಲ್ಲಿ ಕೇಳುತ್ತಿದ್ದ, ಮಲಕಪ್ಪ ಹೆಂಡತಿಗೆ ತಿಳಿಸುತ್ತಿದ್ದ.

"ಯಾರು ಹೇಳಿದ್ರು ಹಚ್ಚಂತ, ಕೇಳಾಕತ್ತಾರ."

"ಯಲ್ಲಮ್ಮ."

"ಎಲ್ಲಿರತಾಳ ಅಂತ?"

"ಸವದತ್ತಿ ಗುಡ್ಡದಾಗ."

ಹವಾಲ್ದಾರ ಅದನ್ನು ಬರೆದುಕೊಂಡು ಮತ್ತೇನೋ ಕೇಳಿದ. ಮಲಕಪ್ಪ ತಲೆ ಕೆರೆದುಕೊಂಡ.

"ಅಕಿ ಫೋನ್ ನಂಬರ್ ಬೇಕಂತ."

"ನಿಮ್ಮ ಬಾಯಿಗೆ ಮಣ್ಣು ಹಾಕ! ದೇವರು ಅಂತ ಹೇಳ್ರಿ ಮೊದಲ!"

ಹೇಳಿದರೂ ಹವಾಲ್ದಾರ ನಂಬಲಿಲ್ಲ. ಆ ಬೀದಿಗೇ ಕರೆದೊಯ್ದು ಒಂದೊಂದೇ ಗೇಟು ಬಡಿದ. ಮೂರು ಮನೆಯವರು ಬಾಗಿಲು ತೆರೆಯದೆ ಕಿಟಕಿಯಿಂದಲೇ ವಿಡಿಯೋ ತೆಗೆದರು. ನಾಲ್ಕನೆಯ ಮನೆಯವನು, ಇವಳೇ, ಇವಳೇ, ಎಂದ.

ಐದನೆಯ ಮನೆಯ ಕಂಬದ ಮೇಲೆ ಭಂಡಾರ ಹಾಗೇ ಇತ್ತು. ಯಾರೋ ಅದರ ಕೆಳಗೊಂದು ದಾಸವಾಳ ಇಟ್ಟಿದ್ದರು. ಕೋಲೂರಿಕೊಂಡು ಬಂದ ಮುದುಕಿ ಯಲ್ಲವ್ವನನ್ನು ನೋಡಿದಳು, ಪೊಲೀಸನನ್ನು ನೋಡಿದಳು.

"ಹಾಂವೇಂಚ ತಿಕಾ ತಾಂದೂಳ ದಿಲ್ಲೆ," ಎಂದಳು. ನಾನೇ ಅವಳಿಗೆ ಅಕ್ಕಿ ಕೊಟ್ಟದ್ದು. ಆಮೇಲೆ ಹವಾಲ್ದಾರನಿಗೆ ಕೊಂಕಣಿಯಲ್ಲಿ ಚೆನ್ನಾಗಿ ಬೈದಳು. ನನ್ನ ಅತ್ತೆಯೂ ಜೋಗ ಬೇಡುತ್ತಿದ್ದಳು, ನಿನಗೆ ತಾಯಿ ಏನೂ ಹೇಳಿಕೊಟ್ಟಿಲ್ಲವೇ ಎಂದು ಕೇಳಿದಳು. ಹವಾಲ್ದಾರ ಪುಸ್ತಕದ ಹಾಳೆ ಹರಿದು ಕಿಸೆಗೆ ತುರುಕಿಕೊಂಡ.

"ಜಾವ್, ಜಾವ್," ಎಂದ.

ಯಲ್ಲವ್ವ ಅಲ್ಲೇ ಗಟಾರದ ಕಟ್ಟೆಯ ಮೇಲೆ ಕುಳಿತಳು. ಮುದುಕಿ ತಂದುಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದಳು.

ಶುಕ್ರವಾರ ಸಂಜೆ ಶೆಡ್ಡಿನಲ್ಲಿ ಅಶ್ವಿನಿ ಅದೇ ಚಾನೆಲ್ಲಿನ ಸುದ್ದಿ ಓದಿ ಹೇಳಿದಳು. ಸ್ಕೂಟರ್ ಸಿಕ್ಕಿತ್ತು. ಒಯ್ದವನು ಮಾಲೀಕನ ಅಕ್ಕನ ಮಗನೇ. ಎರಡೇ ಸಾಲು, 'ಒಬ್ಬ ಯುವಕ' ಎಂದಿತ್ತು, ಯಾವ ಊರವನೆಂದು ಇರಲಿಲ್ಲ. ಹಳೆಯ ವಿಡಿಯೋವನ್ನು ಜನ ಇನ್ನೂ ನೋಡುತ್ತಿದ್ದರು.

"ಅದರ ಕೆಳಗ ಬರದೇನವ್ವಾ, ಅಕಿ ನಮ್ಮವ್ವ, ತಪ್ಪಾತು ಅಂತ ಹಾಕ್ರಿ ಅಂತ. ಒಬ್ಬರೂ ಉತ್ತರಾ ಕೊಡವಲ್ರು."

"ಕೊಡಂಗಿಲ್ಲ ಬಿಡು," ಎಂದಳು ಯಲ್ಲವ್ವ, ಗೋಡೆಗೆ ಒರಗಿ ಕಾಲು ಚಾಚುತ್ತ. "ಆ ಬಾಕಿ ಅವರ ಕಡೇನ ಇರಲಿ. ನಾಳೆ ಕೆಲಸ ಐತಿ. ಅನ್ನಕ್ಕಿಡು, ಭಾಳ ಹಸದೇನಿ."