ಆರು ಸಲಕ್ಕೆ ಒಂದೇ ಉಸಿರು

ಕಡ್ಡಿಗೆ ಉಸಿರಾಡುವುದು ಗೊತ್ತಿರಲಿಲ್ಲ. ಹೆಸರಿಗಷ್ಟೇ ಕಡ್ಡಿ, ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಚಾದರಗಳ ಮೂಟೆ ಎತ್ತಿ ಎತ್ತಿ ಅವಳ ಭುಜ ಕಲ್ಲಾಗಿತ್ತು. ಅಗ್ನಿಶಾಮಕ ದಳ ಸೇರಬೇಕೆಂಬುದು ಅವಳ ಹಟ. ಅಲ್ಲಿಯ ಪರೀಕ್ಷೆಯಲ್ಲಿ ಮೂವತ್ತು ಕಿಲೋದ ಕಂಬಿಯನ್ನು ಭುಜದಿಂದ ತಲೆಯ ಮೇಲಕ್ಕೆ ಆರು ಸಲ ತಳ್ಳಬೇಕು. ವಯಸ್ಸಿನ ಮಿತಿಗೆ ಇದೇ ಕೊನೆಯ ವರ್ಷ. ಪರೀಕ್ಷೆಗೆ ಕೂರಲು ಜಿಮ್ಮಿನ ಕೋಚ್ ಸಹಿ ಹಾಕಿದ ಪತ್ರವೂ ಬೇಕು.

ಜಿಮ್ಮು ಟೈರ್ ಅಂಗಡಿಯ ನೆಲಮಾಳಿಗೆಯಲ್ಲಿತ್ತು. ಗೋಡೆಗಳೇ ಬೆವರುತ್ತಿದ್ದವು. ಬೆಂಚಿನ ರೆಕ್ಸಿನ್ ಹರಿದು ಒಳಗಿನ ಸ್ಪಂಜು ಹಳದಿಗಟ್ಟಿತ್ತು, ಒತ್ತಿದರೆ ಯಾರದೋ ಬೆವರು ಜಿನುಗುತ್ತಿತ್ತು. ಕೋಚ್‌ನನ್ನು ಎಲ್ಲರೂ ಹಂಡೆ ಮಾಮ ಎನ್ನುತ್ತಿದ್ದರು. ಅವನ ಹೊಟ್ಟೆ ನೋಡಿದವರು ಕಾರಣ ಕೇಳುತ್ತಿರಲಿಲ್ಲ.

"ಉಸಿರು ಅಂದ್ರೆ ಟ್ಯೂಬಿನ ಗಾಳಿ ಕಣೇ. ಬಿಟ್ಟೆ ಅಂದ್ರೆ ಟುಸ್! ಬಲ ಎಲ್ಲಾ ಸೋರಿಹೋಯ್ತು" ಎನ್ನುತ್ತಿದ್ದ ಅವನು. ಆರು ಸಲಕ್ಕೂ ಒಂದೇ ಉಸಿರು. ಯಾರೂ ಬಾಯಿ ತೆರೆಯದಿರಲೆಂದು ಹಲ್ಲಿನ ನಡುವೆ ಟವೆಲ್ ಕಚ್ಚಿಸುತ್ತಿದ್ದ. ಇಪ್ಪತ್ತು ಬಾಯಿಗೆ ಒಂದೇ ಟವೆಲ್. ಅದು ಒಣಗಿದ್ದನ್ನು ಕಂಡವರಿಲ್ಲ.

ನಾಲ್ಕನೇ ಸಲಕ್ಕೇ ಕಡ್ಡಿಯ ಕಿವಿ ಗುಂಯ್‌ಗುಟ್ಟುತ್ತಿತ್ತು, ಕಣ್ಣೆದುರು ಕರಿ ಚುಕ್ಕಿ ಕುಣಿಯುತ್ತಿದ್ದವು.

"ತಲೆ ಸುತ್ತುತ್ತಾ? ಬೆಳಿಗ್ಗೆ ಗಾಳಿ ತಿಂದು ಬಂದ್ಯೇನೇ?" ಎಂದ ಹಂಡೆ ಮಾಮ. ಉಳಿದವರು ಹಲ್ಲು ಕಿರಿದರು.

ಮನೆಯಲ್ಲಿ ಇದನ್ನು ಕೇಳಿ ಅತ್ತಿಗೆ ಹಣೆ ಚಚ್ಚಿಕೊಂಡಳು. ಅವಳು ಹೆರಿಗೆ ವಾರ್ಡಿನ ನರ್ಸು.

"ಉಸಿರು ಕಟ್ಟಿ ಮುಕ್ಕಿದ್ರೆ ತಲೆಗೆ ರಕ್ತ ಸರಿಯಾಗಿ ಹೋಗಲ್ಲ ಮಾರಾಯ್ತಿ. ಇಳಿಸುವಾಗ ಮೂಗಲ್ಲಿ ಎಳ್ಕೋ. ಹೊಟ್ಟೆ ಬಿಗಿ ಮಾಡು. ಮೇಲೆ ತಳ್ಳುವಾಗ ಬಿಸಿ ಹಾಲು ಊದೋ ಹಾಗೆ ಬಿಡು. ಪ್ರತಿ ಸಲಕ್ಕೂ ಹೊಸ ಉಸಿರು. ಆಮೇಲೂ ತಲೆ ಸುತ್ತಿದ್ರೆ ಇಳಿಸಿ ಕೂತ್ಕೋ, ಶೌರ್ಯ ತೋರಿಸ್ಬೇಡ."

"ಹೆರೋರಿಗೆ ಹೇಳಿಕೊಡೋದನ್ನ ನನಗೆ ಹೇಳ್ತೀಯಾ?"

"ಅವರು ನಿನಗಿಂತ ಬೇಗ ಕಲೀತಾರೆ."

ನೀರಿನ ಕ್ಯಾನು ಹಿಡಿದು ಕಡ್ಡಿ ಎಂಟು ಸಲ ಎತ್ತಿದಳು. ತಲೆ ತಿಳಿಯಾಗಿತ್ತು.

ಪತ್ರ ಕೊಡುವ ದಿನ ಹಂಡೆ ಮಾಮನ ಎದುರು ಹಾಗೆಯೇ ಎತ್ತತೊಡಗಿದಳು. ಮೂರು ಸಲ ಸಲೀಸಾಗಿ ಹೋಯಿತು.

"ನಿಲ್ಸೇ! ಏನದು ಫುಸ್ ಫುಸ್, ಕುಕ್ಕರ್ ಥರ?"

"ಅತ್ತಿಗೆ ಹೇಳಿಕೊಟ್ಟಿದ್ದು ಮಾಮ. ಹೀಗೆ ಮಾಡಿದ್ರೆ ತಲೆ ಸುತ್ತಲ್ಲ."

"ಹಾಗಾದ್ರೆ ಪತ್ರಾನೂ ಅವಳ ಹತ್ರಾನೇ ಬರೆಸ್ಕೋ. ನನ್ನ ಸಹಿ ಬೇಕಂದ್ರೆ ಮೊದಲಿಂದ ಎತ್ತು, ಇದನ್ನ ಕಚ್ಕೊಂಡು."

ಆಗಷ್ಟೇ ಟೈರ್ ಅಂಗಡಿಯವನ ಬಾಯಿಂದ ಹೊರಬಂದಿದ್ದ ಟವೆಲ್ಲಿನಿಂದ ಜೊಲ್ಲಿನ ಎಳೆ ಜೋತಾಡುತ್ತಿತ್ತು. ಹಲ್ಲಿನ ಗುರುತಿನಲ್ಲಿ ಕೆಂಪು ಕಲೆ, ಅವನ ವಸಡಿನದೇ ಇರಬೇಕು. ಯಾವುದು ಸರಿ ಎಂದು ಕಡ್ಡಿಗೆ ಗೊತ್ತಿತ್ತು. ಮೆಟ್ಟಿಲು ಹತ್ತಿ ಹೋಗಿಬಿಡಬಹುದಿತ್ತು. ಆದರೆ ಪತ್ರ ಅವನ ಕಿಸೆಯಲ್ಲಿತ್ತು. ಅವಳು ಬಾಯಿ ತೆರೆದಳು. ಟವೆಲ್ಲಿನ ಹುಳಿ ಹಸಿ ನಾತಕ್ಕಿಂತ, ಹೇಳಿದ ಕೂಡಲೇ ತೆರೆದುಕೊಂಡ ತನ್ನ ಬಾಯಿಯೇ ಅವಳಿಗೆ ಹೆಚ್ಚು ಹೇಸಿಗೆ ತರಿಸಿತು.

ಒಂದು. ಎರಡು. ಮೂರು. ಕತ್ತಿನ ನರ ಉಬ್ಬಿ ಬಂದವು. ನಾಲ್ಕು. ಐದನೆಯದಕ್ಕೆ ಕಂಬಿ ತಲೆಯ ಮೇಲಿರುವಾಗ ಬಲ್ಬು ದೂರ ದೂರ ಸರಿದು ಸಾಸಿವೆ ಕಾಳಷ್ಟಾಯಿತು.

ಕಣ್ಣು ಬಿಟ್ಟಾಗ ಕೆನ್ನೆ ನೆಲಕ್ಕಂಟಿತ್ತು. ಬಾಯಿ ತುಂಬ ಕಬ್ಬಿಣದ ರುಚಿ. ಇಳಿಯುತ್ತ ಕಂಬಿ ಬಾಯಿಗೆ ಬಡಿದು, ಮಣಿಕಟ್ಟಿನ ಮೇಲೆ ಬಿದ್ದಿತ್ತು.

"ನೋಡಿದ್ರಾ?" ಹಂಡೆ ಮಾಮ ಎಲ್ಲರಿಗೂ ತೋರಿಸುತ್ತಿದ್ದ. "ಕೊನೇಲಿ ಉಸಿರು ಬಿಟ್ಟುಬಿಟ್ಲು. ಅದಕ್ಕೇ ಹೀಗಾಯ್ತು."

ಅವರೆಲ್ಲ ತಲೆಯಾಡಿಸಿದರು.

ಪ್ಲಾಸ್ಟರ್ ಬಿಚ್ಚುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು, ವಯಸ್ಸೂ ದಾಟಿತ್ತು. ಹೋದದ್ದು ಇಷ್ಟು: ಮುಂದಿನ ಎರಡು ಹಲ್ಲು, ಆರು ವಾರ, ಒಂದು ನೌಕರಿ.