ಮಾರ್ಜಿನ್ ಓದುವುದಿಲ್ಲ

ಮೂವತ್ತೊಂದು ವರ್ಷ ಹೊಸೂರಿನ ಒಂದು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟೆ. ನನ್ನ ಬಗ್ಗೆ, ಸುಬ್ಬರಾಮ್ ಸಾರ್ ಒಳ್ಳೆಯ ಮೇಷ್ಟ್ರು ಎಂದು ಈಗಲೂ ಜನ ಹೇಳುತ್ತಾರೆ, ಹೇಳಿಕೊಳ್ಳಲಿ. ನಾನು ಕಟ್ಟುನಿಟ್ಟಿನ ಮೇಷ್ಟ್ರು, ನನಗೆ ಗೊತ್ತಿರುವುದು ಅಷ್ಟೇ. ಎರಡೂ ಒಂದೇ ಎಂದುಕೊಂಡು ಬಹಳ ವರ್ಷ ಕಳೆದೆ.

ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲ ದಿನ ನಾನು ಪಾಠ ಮಾಡುತ್ತಿರಲಿಲ್ಲ. ನನ್ನ ಕ್ಲಾಸಿನಲ್ಲಿ ಅಂಕ ಹೇಗೆ ಬೀಳುತ್ತದೆ ಎಂಬುದನ್ನೇ ಒಂದು ಪೀರಿಯಡ್ ಪೂರ್ತಿ ಹೇಳುತ್ತಿದ್ದೆ. ಉತ್ತರ ಒಂದನ್ನೇ ಬರೆದರೆ ಒಂದು ಅಂಕ. ಉತ್ತರಕ್ಕೆ ಬಂದ ದಾರಿ ತೋರಿಸಿದರೆ ಪೂರ್ತಿ ಅಂಕ. ಆ ದಾರಿ ಪೆನ್ನಿನಲ್ಲಿರಬೇಕು, ಗೆರೆಯ ಒಳಗಿರಬೇಕು. ಗೆರೆಯಾಚೆ ಮಾರ್ಜಿನ್‌ನಲ್ಲಿ ಪೆನ್ಸಿಲ್ ಹಿಡಿದು ಗೀಚಿದ್ದನ್ನು ನಾನು ಓದುವುದಿಲ್ಲ. ಕೃಪಾಂಕ ಎಂಬ ಮಾತನ್ನು ಯಾರೂ ಎತ್ತಕೂಡದು. ಇನ್ನೊಂದು ಇತ್ತು, ಅದರ ಬಗ್ಗೆ ನನಗೆ ಸ್ವಲ್ಪ ಜಂಬ. ತಿದ್ದಿದ ಪೇಪರನ್ನು ಮಕ್ಕಳ ಕೈಗೇ ಕೊಟ್ಟು, ನೀವೇ ಕೂಡಿ ನೋಡಿ, ಪೀರಿಯಡ್ ಮುಗಿಯುವಾಗ ವಾಪಸ್ ಕೊಡಿ ಎನ್ನುತ್ತಿದ್ದೆ. ನಾನು ಕಡಿಮೆ ಕೂಡಿದ್ದರೆ ಹೆಚ್ಚಿಸುತ್ತೇನೆ, ಹೆಚ್ಚು ಕೂಡಿದ್ದರೆ ಕಳೆಯುತ್ತೇನೆ, ಎರಡನ್ನೂ ಬಂದು ಹೇಳಬೇಕು. ಕಡಿಮೆ ಕೂಡಿದ್ದೀರಿ ಎಂದು ಸಾಲುಗಟ್ಟಿ ಬರುತ್ತಿದ್ದರು. ಹೆಚ್ಚು ಕೂಡಿದ್ದೀರಿ ಎಂದು ಇಷ್ಟು ವರ್ಷದಲ್ಲಿ ಬಂದವರು ಮೂರೇ ಜನ. ಮೂರನೆಯವಳು ಶಾಂತಿ.

ನಾನು ನಿವೃತ್ತನಾಗಲು ಎರಡು ವರ್ಷ ಇದ್ದಾಗಿನ ಮಾತು. ಶಾಂತಿ ಒಂಬತ್ತನೇ ತರಗತಿ. ಮತ್ತಿಗಿರಿಯಿಂದಾಚೆ ಒಂದು ಹಳ್ಳಿಯ ಹುಡುಗಿ, ಬೆಳಗ್ಗೆ ಬಸ್ಸು ಹಿಡಿದು ಬರುತ್ತಿದ್ದಳು. ಅಪ್ಪ ಆವುಲಪ್ಪ ಚೆಂಡುಹೂವು ಬೆಳೆಯುವವನು. ದೊಡ್ಡ ಮಗಳು ಒಮ್ಮೆ ಫೇಲಾದಾಗ ಶಾಲೆ ಬಿಡಿಸಿದ್ದ. ಇವಳನ್ನು ಹೈಸ್ಕೂಲಿಗೆ ಸೇರಿಸುವಾಗಲೂ ಒಂದೇ ಒಂದು ಸಲ ಫೇಲಾದರೂ ಮನೆಯಲ್ಲಿರಬೇಕು ಎಂದು ಹೇಳಿಯೇ ಸೇರಿಸಿದ್ದ. ಎಂಟರವರೆಗೆ ಎಲ್ಲರೂ ಪಾಸು. ಒಂಬತ್ತರಲ್ಲಿ ಹಾಗಲ್ಲ, ಮೂವತ್ತೈದು ಬಾರದಿದ್ದರೆ ಅಲ್ಲೇ ಕೂರಬೇಕು.

ವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ಅವಳಿಗೆ ಮೂವತ್ತಾರು ಎಂದು ಬರೆದಿದ್ದೆ. ಪೇಪರ್ ಕೊಟ್ಟ ದಿನ ಉಳಿದವರೆಲ್ಲ ಗಲಾಟೆ ಮಾಡಿಕೊಂಡು ಕೂಡುತ್ತಿದ್ದರು. ಇವಳು ಎರಡು ಸಲ ಕೂಡಿದಳು, ಸುಮ್ಮನೆ ಕೂತಳು, ಮತ್ತೆ ಕೂಡಿದಳು. ಆಮೇಲೆ ಎದ್ದು ನನ್ನ ಮೇಜಿನ ಹತ್ತಿರ ಬಂದಳು.

"ಸಾರ್, ಎರಡು ಜಾಸ್ತಿ ಹಾಕ್ಬುಟ್ಟಿದೀರ."

ಕೂಡಿ ನೋಡಿದೆ. ನಿಜ, ಮೂವತ್ನಾಲ್ಕೇ. ಇಡೀ ಕ್ಲಾಸು ನನ್ನ ಕೆಂಪು ಪೆನ್ನನ್ನೇ ನೋಡುತ್ತಿತ್ತು. ಮೂವತ್ತಾರನ್ನು ಹೊಡೆದು ಮೂವತ್ನಾಲ್ಕು ಬರೆದೆ. ಅವಳು ಥ್ಯಾಂಕ್ಸ್ ಸಾರ್ ಎಂದು ಪೇಪರ್ ತೆಗೆದುಕೊಂಡು ತನ್ನ ಜಾಗಕ್ಕೆ ಹೋದಳು. ಅಭ್ಯಾಸ ಬಲದಿಂದ ಅಂದಿರಬೇಕು.

ಮಧ್ಯಾಹ್ನ ಹೆಡ್‌ಮಿಸ್ ಶ್ಯಾಮಲಮ್ಮ ಕರೆಸಿದರು. ಒಂದು ಮಾರ್ಕು, ಎಲ್ಲಾ ಮೇಷ್ಟ್ರೂ ಕೊಡುತ್ತಾರೆ, ನಿಮ್ಮ ಗಂಟೇನು ಹೋಗುತ್ತದೆ ಎಂದರು. ಆಗುವುದಿಲ್ಲ ಎಂದೆ. ಆ ಹುಡುಗಿ ನಿಜ ಹೇಳಿದ್ದಾಳೆ, ಈಗ ಹಿಂಬಾಗಿಲಿನಿಂದ ಒಂದು ಅಂಕ ತುರುಕಿದರೆ ಅವಳ ನಿಜಕ್ಕೆ ಏನು ಬೆಲೆ ಉಳಿಯಿತು ಎಂದೆ. ಮಾತು ಚೆನ್ನಾಗಿತ್ತು. ಆಡಿದಾಗ ನನಗೇ ಹಿತವಾಗಿತ್ತು. ಶ್ಯಾಮಲಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಜ ಹೇಳಿದ್ದಕ್ಕೆ ಅವಳ ಓದೇ ನಿಂತೋಗ್ತದೆ ಸಾರ್, ಅಷ್ಟು ತಿಳ್ಕೊಂಡಿರಿ" ಎಂದರು.

ಮಾರನೆಯ ಬೆಳಗ್ಗೆಯೇ ಆವುಲಪ್ಪ ಟಿ.ಸಿ. ಕೇಳಿಕೊಂಡು ಶ್ಯಾಮಲಮ್ಮನವರ ಕೋಣೆಗೆ ಬಂದ, ಹಿಂದೆ ಶಾಂತಿ. ನನ್ನನ್ನೂ ಅಲ್ಲಿಗೆ ಕರೆಸಿದರು. ಅವನು ಜಗಳಕ್ಕೆ ಬಂದವನಲ್ಲ. ಆದರೂ ನಾನು ನ್ಯಾಯವಾಗಿ ತಿದ್ದಿದ್ದೇನೆ ಎಂದು ತೋರಿಸಬೇಕಲ್ಲ, ನನಗೆ ಆ ಚಟ. ಪೇಪರ್ ತರಿಸಿ ಅವನ ಮುಂದೆ ಬಿಡಿಸಿಟ್ಟೆ. ನೋಡಪ್ಪಾ, ಇಲ್ಲಿ ಐದು ಅಂಕದ ಪ್ರಶ್ನೆ. ಹೊಲದ ಒಂದು ಬದಿ ಅರವತ್ತು ಮೀಟರ್, ಎದುರು ಬದಿ ನಲವತ್ತು, ನಡುವೆ ಮೂವತ್ತು, ವಿಸ್ತೀರ್ಣ ಎಷ್ಟು. ಇವಳು ಸೂತ್ರ ಬರೆದಿಲ್ಲ, ಲೆಕ್ಕ ಮಾಡಿಲ್ಲ, ಸಾವಿರದೈನೂರು ಎಂದು ಉತ್ತರ ಒಂದನ್ನೇ ಬರೆದಿದ್ದಾಳೆ. ಪಕ್ಕದವರದು ನೋಡಿಯೂ ಬರೆದಿರಬಹುದು. ಒಂದು ಅಂಕ ಕೊಟ್ಟಿದ್ದೇನೆ.

ಆವುಲಪ್ಪನಿಗೆ ಓದು ಬರುವುದಿಲ್ಲ. ನಾನು ಬೆರಳಿಟ್ಟ ಕಡೆ ಅವನು ನೋಡಲೇ ಇಲ್ಲ. ಗೆರೆಯಾಚೆ, ಮಾರ್ಜಿನ್ನಿನ ಸಂದಿಯಲ್ಲಿ ಪೆನ್ಸಿಲ್ಲಿನಲ್ಲಿ ಏನೋ ಚಿತ್ರ ಇತ್ತು, ಅದನ್ನು ನೋಡುತ್ತಿದ್ದ.

"ಇದು ನಮ್ಮ ಕಾಲ್ವೆ ಪಕ್ಕದ ಹೊಲ ಅಲ್ವಾ ಮಗಾ?"

ಹುಡುಗಿ ಹೌದೆಂದು ತಲೆ ಆಡಿಸಿದಳು. ಅವನು ನನ್ನ ಕಡೆ ತಿರುಗಿದ.

"ಆ ಮೂಲೆ ಸೊಟ್ಟ ಸಾರ್. ಸಸಿ ಎಷ್ಟು ಬೇಕು ಅಂತ ಲೆಕ್ಕ ಹಾಕ್ಬೇಕಾದ್ರೆ ಆ ಸೊಟ್ಟನ್ನ ಮಧ್ಯಕ್ಕೆ ಕುಯ್ದು, ಕೆಳಗಿನ ತುಂಡು ತಿರುಗ್ಸಿ ಮ್ಯಾಕೆ ಮಡಗ್ದಂಗೆ ಅಂದ್ಕೊತೀವಿ. ಹೊಲ ನೆಟ್ಟಗಾಯ್ತದೆ. ಹಗ್ಗ ಹಿಡ್ಕಳದು ಇವ್ಳೇ." ಚಿತ್ರದ ಮೇಲೆ ಬೆರಳಿಟ್ಟು ಕೇಳಿದ, "ಅದು ತಪ್ಪಾ ಸಾರ್?"

ಕನ್ನಡಕ ಹಾಕಿಕೊಂಡು ನೋಡಿದೆ. ಓರೆಯಾದ ಬದಿಯ ನಟ್ಟನಡುವೆ ಒಂದು ಚುಕ್ಕೆ. ಕೆಳಗಿನ ತುಂಡನ್ನು ಕತ್ತರಿಸಿ ಮೇಲೆ ಕೂರಿಸಿದ ಗುರುತಿಗೆ ಒಂದು ಬಾಣ. ಪಕ್ಕದಲ್ಲಿ ಐವತ್ತು, ಮೂವತ್ತು, ಗುಣಿಸಿದ್ದು. ನಾನು ಬೋರ್ಡಿನ ಮೇಲೆ ಬರೆಸಿ ಉರುಹಾಕಿಸುತ್ತಿದ್ದ ಸೂತ್ರ ಹುಟ್ಟುವುದೇ ಅಲ್ಲಿಂದ. ಅದನ್ನು ನಾನು ಯಾವ ಕ್ಲಾಸಿಗೂ ಹಾಗೆ ತೋರಿಸಿರಲಿಲ್ಲ. ಸೂತ್ರ ಮರೆತ ಹುಡುಗಿ ತನಗೆ ಗೊತ್ತಿದ್ದ ದಾರಿ ಹಿಡಿದಿದ್ದಳು, ಅದು ದಾರಿಯೇ ಅಲ್ಲವೇನೋ ಎಂದು ಹೆದರಿ ಗೆರೆಯಾಚೆ ಬರೆದಿದ್ದಳು.

"ತಪ್ಪಲ್ಲ" ಎಂದೆ.

ಒಂದನ್ನು ಹೊಡೆದು ಐದು ಮಾಡಿದೆ, ಮೂವತ್ನಾಲ್ಕು ಮೂವತ್ತೆಂಟಾಯಿತು. ಶ್ಯಾಮಲಮ್ಮ ಪಕ್ಕದ ಕುರ್ಚಿಯಲ್ಲಿದ್ದವರು, "ನಿನ್ನೆ ಒಂದು ಕೇಳಿದ್ರೆ ಆಗಲ್ಲ ಅಂದ್ರಿ, ಇವತ್ತು ನಾಲ್ಕು ಕೊಡ್ತಿದೀರ" ಎಂದು ಚುಚ್ಚಿದರು. ಚುಚ್ಚಲಿ, ಅವರಿಗೆ ಆ ಹಕ್ಕಿತ್ತು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಹುಡುಗಿ ಪೇಪರ್ ಮುಟ್ಟಲಿಲ್ಲ.

"ಸಾರ್, ಎಲ್ಲಾರ್ ಮಾರ್ಜಿನ್ನೂ ನೋಡ್ತೀರಾ?"

ಆವುಲಪ್ಪ ರೇಗಿದ. "ಕೊಡೋವಾಗ ಬಾಯ್ಮುಚ್ಕೊಂಡು ಇಸ್ಕೊಳಮ್ಮ."

"ನಂದೊಂದೇ ನೋಡಿದ್ರೆ ಅದು ಕೃಪಾಂಕ ಆಯ್ತದೆ ಅಪ್ಪ. ಸಾರ್ ಕೊಡಲ್ಲ ಅಂದವ್ರೆ."

ಹದಿನಾಲ್ಕು ವರ್ಷದ ಹುಡುಗಿ. ಓದು ಉಳಿಯುತ್ತದೋ ಹೋಗುತ್ತದೋ ಎಂದು ನಿಂತಿರುವಾಗ ಕೇಳಿದ ಪ್ರಶ್ನೆ ಅದು. ಬೀರು ತೆಗೆದು ಆ ಕ್ಲಾಸಿನ ನಲವತ್ತೆರಡು ಪೇಪರನ್ನೂ ಮೇಜಿಗೆ ಹಾಕಿಕೊಂಡೆ. ಅಪ್ಪ ಮಗಳು ವರಾಂಡದ ಬೆಂಚಿನಲ್ಲಿ ಕಾದರು. ಊಟದ ಬೆಲ್ಲು ಹೊಡೆಯುವವರೆಗೆ ಪೆನ್ಸಿಲ್ ಗೀಚನ್ನೇ ಓದಿದೆ. ಆರು ಮಕ್ಕಳ ಅಂಕ ಏರಿತು. ಫೇಲಾಗಿ ಪಾಸಾದವಳು ಶಾಂತಿ ಒಬ್ಬಳೇ. ಹೊರಗೆ ಹೋಗಿ ಹೇಳಿದೆ. ಆವುಲಪ್ಪ ಎದ್ದು ಪಂಚೆ ಕೊಡವಿಕೊಂಡು, ಹಂಗಾರೆ ಟಿ.ಸಿ. ಬ್ಯಾಡ ಬುಡಿ ಸಾರ್ ಎಂದ. ಅವಳು ಹತ್ತನ್ನೂ ಮುಗಿಸಿದಳು, ಹನ್ನೆರಡನ್ನೂ ಮುಗಿಸಿದಳು.

ನನಗೆ ಮುಗಿಯಲಿಲ್ಲ. ಹಳೆಯ ಉತ್ತರ ಪತ್ರಿಕೆಗಳನ್ನು ಶಾಲೆ ಒಂದು ವರ್ಷ ಇಟ್ಟುಕೊಂಡು ರದ್ದಿಗೆ ಹಾಕುತ್ತದೆ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಒಂದೆರಡು ಅಂಕದಲ್ಲಿ ನನ್ನ ಕೈಯಲ್ಲಿ ಫೇಲಾದವರನ್ನು ಒಂದು ಭಾನುವಾರ ಕೂತು ಬರೆದೆ. ಹತ್ತೊಂಬತ್ತು ಹೆಸರು ನೆನಪಾಯಿತು. ಅವರ ಮಾರ್ಜಿನ್ನಿನಲ್ಲಿ ಏನಿತ್ತು ಎಂದು ಯಾರನ್ನು ಕೇಳಲಿ?

ಒಬ್ಬನನ್ನು ಕೇಳಿದೆ. ಬೀರೇಶ್, ಮೂವತ್ಮೂರು ಅಂಕಕ್ಕೆ ನಿಂತು ಶಾಲೆ ಬಿಟ್ಟವನು. ಮೂಕಂಡಪಲ್ಲಿಯ ಒಂದು ಟೀ ಅಂಗಡಿಯಲ್ಲಿ ಕಳೆದ ವರ್ಷ ಸಿಕ್ಕಿದ. ಈಗ ಮೂವತ್ತರ ಹತ್ತಿರದ ಆಳು, ಯಾವುದೋ ಗೋಡೌನಿನಲ್ಲಿ ಲೋಡಿಂಗ್ ಕೆಲಸ. ನನ್ನನ್ನು ಕಂಡದ್ದೇ ಎದ್ದು ನಿಂತು ಜಾಗ ಬಿಟ್ಟ. ಮಳ್ಳನ ಹಾಗೆ ಕೇಳಿದೆ, ಅವತ್ತಿನ ಪರೀಕ್ಷೆಯಲ್ಲಿ ಪೆನ್ಸಿಲ್ಲಿನಲ್ಲಿ ಪಕ್ಕಕ್ಕೆ ಏನಾದರೂ ಬರೆದಿದ್ದೆಯಾ ಎಂದು.

ಅವನು ನಿಜವಾಗಿಯೂ ಯೋಚನೆ ಮಾಡಿದ. ಟೀ ಲೋಟ ಕೈಯಲ್ಲೇ ಇತ್ತು.

"ಗ್ಯಾಪ್ಕ ಇಲ್ಲ ಸಾರ್. ಬರ್ದಿದ್ರೂ ಸರಿ ಇರ್ತಿರ್ಲಿಲ್ಲ ಬುಡಿ. ನಂಗೆ ಲೆಕ್ಕ ಹತ್ತಲ್ಲ ಅಂತ ನೀವೇ ಹೇಳಿದ್ರಲ್ಲ."

ಬೇಜಾರಿನಿಂದ ಹೇಳಿದ್ದಲ್ಲ. ನಾನು ಹೇಳಿದ್ದನ್ನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದ, ಅಷ್ಟೇ. ಶಿಫ್ಟಿಗೆ ಹೊತ್ತಾಯಿತು ಸಾರ್, ಕೂತ್ಕಳಿ ಎಂದು ಹೇಳಿ ಹೋದ. ಅವನು ಬಿಟ್ಟುಕೊಟ್ಟ ಜಾಗದಲ್ಲಿ ನಾನು ಕೂರಲಿಲ್ಲ.